ಪರವಾ ಇದೆ

ಗೋಣಿಕೊಪ್ಪಲಿನ ಬಸ್‌ಸ್ಟ್ಯಾಂಡಿನ ಹಿಂದೆ, ಲಾಡ್ಜಿನ ಮೆಟ್ಟಿಲ ಕೆಳಗೆ
ಎಂಟಡಿ ಅಗಲದ ನನ್ನ ಅಂಗಡಿಯಲ್ಲಿ
ಹತ್ತೊಂಬತ್ತು ವರ್ಷ ದಾರಕ್ಕಿಂತ ಹೆಚ್ಚು ಖರ್ಚಾದದ್ದು
ಒಂದೇ ಮಾತು: ಪರವಾಗಿಲ್ಲ.

ಬಾಕಿ ಬರುವ ಸಂತೆಗೆ ಕೊಡ್ತೇನೆ ಸುಲೋಚನಾ.
ಪರವಾಗಿಲ್ಲ.
ಕುತ್ತಿಗೆ ಅರ್ಧ ಇಂಚು ಆಳ ಇರಲಿ ಅಂದಿದ್ದೆನಲ್ಲ?
(ಅಂದಿರಲಿಲ್ಲ.)
ಪರವಾಗಿಲ್ಲ, ಬಿಚ್ಚಿ ಹೊಲಿದು ಕೊಡ್ತೇನೆ.
ಬಾಡಿಗೆ ಈ ತಿಂಗಳಿಂದ ಐನೂರು ಜಾಸ್ತಿ,
ಶಟರಿನ ರಿಪೇರಿ ಮುಂದೆ ನೋಡೋಣ.
ಪರವಾಗಿಲ್ಲ ಮೊಣ್ಣಪ್ಪಣ್ಣ.
ಒಮ್ಮೆ ಸೂಜಿ ಉಗುರೊಳಗೆ ಹೊಕ್ಕಾಗ
ಆ ಸೂಜಿಗೂ ಹೇಳಿದ್ದೆನಂತೆ.

ಹೇಳಿದವಳು ಫೌಸಿಯಾ,
ಕಾಜಾ ಕಲಿಯಲು ಪಾಲಿಬೆಟ್ಟದಿಂದ ಬರುವ ಹುಡುಗಿ.
ಗುಂಡಿ ಪೋಣಿಸುತ್ತಾ ಕೇಳಿದಳು:
"ಅಕ್ಕಾ, ಈ ಪರವಾ ಅಂದರೆ ಏನು?
ಇಲ್ಲ ಇಲ್ಲ ಅಂತ ದಿನಾ ಹೇಳ್ತೀರಿ,
ಇದ್ದಾಗ ಏನು ಹೇಳ್ತೀರಿ?"

ಅವತ್ತು ರಾತ್ರಿ ಸೊಳ್ಳೆಪರದೆಯೊಳಗೆ ನಿದ್ದೆ ಬರಲಿಲ್ಲ.

ಮರುದಿನ ಟ್ರಯಲ್ ರೂಮಿನ ಪರದೆ ಎಳೆದು
ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ.
ಆಗಲ್ಲ ಅಂದರೆ ಕೈಲಾಗದವಳಂತೆ ಕೇಳುತ್ತದೆ,
ಮಾಡಲ್ಲ ಅಂದರೆ ಜಗಳಗಂಟಿ.
ಎರಡರ ನಡುವೆ ಕಾಜಾದಷ್ಟು ಸಂದು,
ಅದರಲ್ಲಿ ನನ್ನ ದನಿ ತೂರಬೇಕು.

ಮೊದಲು ಸಿಕ್ಕಿಬಿದ್ದವನು ಪಾಪದ ಹುಡುಗ,
ಸ್ಕೂಲ್ ಬ್ಯಾಗಿನ ಝಿಪ್ಪು ಹಿಡಿದು ಬಂದಿದ್ದ.
"ಈಗಲೇ ಅಂದರೆ ಈಗಲೇ? ನಿಮ್ಮಪ್ಪನ ಅಂಗಡಿಯಾ ಇದು!"
ಅವನು ಎರಡೂ ಕೈಯಲ್ಲಿ ಬ್ಯಾಗಿನ ಬಾಯಿ ಮುಚ್ಚಿಕೊಂಡು ಹೋದ.
ಎಷ್ಟೋ ಜನರ ಬಾಕಿಯನ್ನು ಅವನೊಬ್ಬನ ಮೇಲೆ ಕಕ್ಕಿದ್ದೆ.
ಸಂಜೆ ಪೊನ್ನಂಪೇಟೆ ಬಸ್ಸಿನ ಸಾಲಿನಲ್ಲಿ ಹುಡುಕಿ
ಝಿಪ್ಪು ಹಾಕಿಕೊಟ್ಟೆ. ತಪ್ಪಾಯ್ತು ಮಗಾ ಅಂದೆ.
ಅದೂ ಹೊಸ ಮಾತೇ ನನಗೆ;
ತಪ್ಪಿಲ್ಲದಾಗ ಸಾವಿರ ಸಲ ಹೇಳಿದ್ದೆ,
ತಪ್ಪಿದ್ದಾಗ ಇದೇ ಮೊದಲು.

ಮೊಣ್ಣಪ್ಪಣ್ಣ ಬಾಡಿಗೆಗೆ ಬಂದಾಗ
ಗಂಟಲು ಒಣಗಿ ಭಾಷಣವೆಲ್ಲ ಮರೆತುಹೋಯಿತು.
"ಶಟರು ನೋಡೋಣ" ಅಂದರು ಎಂದಿನ ಹಾಗೆ.
"ಯಾವಾಗ?"
ಅಷ್ಟೇ ಬಂತು ಬಾಯಿಗೆ.
ಅವರು ಚೀಲ ಈ ಕೈಯಿಂದ ಆ ಕೈಗೆ ಬದಲಿಸಿ
ಹದಿನೆಂಟಕ್ಕೆ ಅಂದರು.
ಹದಿನೆಂಟಕ್ಕೆ ಯಾರೂ ಬರಲಿಲ್ಲ.
ಹತ್ತೊಂಬತ್ತಕ್ಕೆ ನಾನೇ ಅವರ ಮನೆಗೆ ಹೋದೆ.
ಶಟರು ಈಗ ಮೇಲೇರುತ್ತದೆ, ಕಿರುಗುಟ್ಟುತ್ತದೆ.

ಹುತ್ತರಿಗೆ ಮೂರು ದಿನ. ದೇಚಮ್ಮಕ್ಕ ಬಂದರು,
ಉದ್ದ ತೋಳಿನ ರವಿಕೆಗೆ ನಾಲ್ಕು ತುಂಡು ರೇಷ್ಮೆ,
ಗಂಡನ ಕುಪ್ಯದ ಅಂಚು ಬೇರೆ ಹರಿದಿದೆ.
"ನಾಳೆ ಸಂಜೆಗೆ ಆಗಬೇಕು.
ನೀನು ನಮ್ಮ ಮನೆಯವಳ ಹಾಗಲ್ವಾ?"

ನನ್ನ ತುಟಿಗಳ ನಡುವೆ ಐದು ಗುಂಡುಸೂಜಿ.
ಹತ್ತೊಂಬತ್ತು ವರ್ಷ ಹೀಗೆ ಕಚ್ಚಿಕೊಂಡೇ
ಹೂಂ ಅಂದಿದ್ದೇನೆ ಎಲ್ಲರಿಗೂ;
ಸೂಜಿ ಬಾಯಲ್ಲಿದ್ದರೆ ಹೂಂ ಒಂದೇ ಸಲೀಸು.
ಒಂದೊಂದಾಗಿ ತೆಗೆದೆ,
ಮೆತ್ತೆಗೆ ಚುಚ್ಚಿದೆ,
ಟೇಪು ಕೊರಳಿಗೆ ಹಾಕಿಕೊಂಡೆ, ಕೈ ನಡುಗುವುದು ಕಾಣಬಾರದೆಂದು.

"ದೇಚಮ್ಮಕ್ಕ, ಎರಡು ರವಿಕೆ ಕೊಡ್ತೇನೆ, ಕುಪ್ಯ ಕೊಡ್ತೇನೆ.
ಉಳಿದೆರಡು ಹಬ್ಬ ಕಳೆದ ಮೇಲೆ.
ಹಳೇ ಲೆಕ್ಕ ಸಾವಿರದ ಇನ್ನೂರಿದೆ."

'ಬೇಜಾರು ಮಾಡ್ಕೋಬೇಡಿ' ನಾಲಗೆ ತುದಿಗೆ ಬಂತು.
ಅಲ್ಲೇ ಇರು ಅಂದೆ.

ಫೌಸಿಯಾಳ ಮಿಷನ್ನು ನಿಂತಿತು.
ಹೊರಗೆ ಕುಟ್ಟದ ಬಸ್ಸು ಹಾರ್ನ್ ಹೊಡೆದು ಹೊರಟಿತು.
ದೇಚಮ್ಮಕ್ಕ ರೇಷ್ಮೆಯನ್ನು ಮಡಚಿದರು, ಬಿಚ್ಚಿದರು,
ಎರಡು ತುಂಡು ನನ್ನ ಕಡೆ ಸರಿಸಿದರು.

"ಪರವಾಗಿಲ್ಲ" ಅಂದರು.
ಮುಖದ ತುಂಬಾ ಪರವಾ ಇತ್ತು.
ಇರಲಿ. ಅದು ಅವರದು,
ಅದನ್ನೂ ನಾನೇ ಹೊಲಿದು ಕೊಡಬೇಕೆಂದಿಲ್ಲ.

ಪರ್ಸು ತೆಗೆದು ಸಾವಿರ ಎಣಿಸಿ ಇಟ್ಟರು.
"ಇನ್ನೂರು ಆಮೇಲೆ ಕೊಡ್ತೇನೆ."
ನಾನು ಬಾಯಿ ತೆರೆಯುವಷ್ಟರಲ್ಲಿ,
ಬಟ್ಟೆಯಿಂದ ತಲೆ ಎತ್ತದೆ
ಫೌಸಿಯಾ ಕೇಳಿದಳು:
"ಯಾವಾಗ?"